ಎರಡೇ ವರ್ಷ ಬಾಳಿದ ತಂಡವೊಂದಕ್ಕೆ ನಮ್ಮ ಮನೆಯ ಕೃತಜ್ಞತೆ

ಕಳೆದ ತಿಂಗಳು ನನ್ನ ಮಗ ಹೈಸ್ಕೂಲು ಮುಗಿಸಿದ. ಅದಕ್ಕೆ ಕೆಲವು ದಿನಗಳ ಮೊದಲು ಅವನೂ ಅವನ ಮೂವರು ಗೆಳೆಯರೂ ಕಟ್ಟಿಕೊಂಡಿದ್ದ ಪುಟ್ಟ ಸ್ಕಾ-ಪಂಕ್ (ಜಮೈಕಾದ ಸ್ಕಾ ಸಂಗೀತವನ್ನೂ ವೇಗದ ಪಂಕ್ ರಾಕನ್ನೂ ಬೆರೆಸಿದ ಶೈಲಿ) ತಂಡವು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ 924 ಗಿಲ್ಮನ್ ಸ್ಟ್ರೀಟ್ ಎಂಬ ಸಭಾಂಗಣದಲ್ಲಿ ತನ್ನ ಕೊನೆಯ ಕಾರ್ಯಕ್ರಮ ನೀಡಿತು. ನಾಲ್ವರೂ ಬೇರೆ ಬೇರೆ ಊರಿನ ಕಾಲೇಜುಗಳಿಗೆ ಹೊರಟಿರುವುದರಿಂದ ಆ ತಂಡ ಇನ್ನು ಮುಂದೆ ಇರುವುದಿಲ್ಲ. ನಾನು ಕೆಲಸ ಕಳೆದುಕೊಂಡು, ಸನಿವೇಲ್‌ನ ಮನೆ ಖಾಲಿ ಮಾಡಿ, ಬಾಡಿಗೆ ಕಡಿಮೆಯೆಂದು ರಿಚ್ಮಂಡಿಗೆ ಬಂದು ನೆಲೆಸಿದ ಆ ಕಷ್ಟದ ಕಾಲದಲ್ಲಿ ಕೈಹಿಡಿದ ಬಂಧುಮಿತ್ರರಿಗೆಲ್ಲ ಖುದ್ದಾಗಿ ವಂದನೆ ಹೇಳಿದ್ದೇನೆ. ಆದರೆ ನಮ್ಮಲ್ಲಿ ಯಾರೂ ಕಣ್ಣಾರೆ ಕಾಣದ, 1989ರಲ್ಲೇ ಮುಗಿದುಹೋದ ಆಪರೇಷನ್ ಐವಿ ಎಂಬ ಸ್ಕಾ-ಪಂಕ್ ತಂಡದ ಋಣವೊಂದು ಉಳಿದುಕೊಂಡಿದೆ. ಈ ಬರಹ ಅದಕ್ಕಾಗಿ.

ಜೆಸ್ಸಿ ಮೈಕಲ್ಸ್, ಟಿಮ್ ಆರ್ಮ್‌ಸ್ಟ್ರಾಂಗ್, ಮ್ಯಾಟ್ ಫ್ರೀಮನ್ ಮತ್ತು ಡೇವ್ ಮೆಲ್ಲೊ ಎಂಬ ನಾಲ್ವರು ಹುಡುಗರು 1987ರಲ್ಲಿ ಈ ತಂಡವನ್ನು ಕಟ್ಟಿದರು. ಆರ್ಮ್‌ಸ್ಟ್ರಾಂಗ್ ಮತ್ತು ಫ್ರೀಮನ್ ಇಲ್ಲೇ ಪಕ್ಕದ ಆಲ್ಬನಿಯಲ್ಲಿ ಬಾಲ್ಯದಿಂದ ಜೊತೆಯಾಗಿ ಬೆಳೆದವರು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಪರಮಾಣು ಪರೀಕ್ಷೆಗಳ ಸಂಕೇತನಾಮವನ್ನೇ ಅವರು ತಮ್ಮ ತಂಡಕ್ಕೆ ಇಟ್ಟುಕೊಂಡಿದ್ದರು. (ಹೆಸರಿನಷ್ಟು ಭೀಕರವಾದುದೇನೂ ಅವರ ಹಾಡುಗಳಲ್ಲಿಲ್ಲ, ಬಹುಪಾಲು ಸ್ನೇಹ, ಒಗ್ಗಟ್ಟು, ಜಗಳ ಬೇಡವೆಂಬ ಮಾತುಗಳೇ ಇವೆ.) ಒಂದು ಕಿರು ಮುದ್ರಿಕೆ, ಹತ್ತೊಂಬತ್ತು ಹಾಡುಗಳ ‘ಎನರ್ಜಿ’ ಎಂಬ ಒಂದೇ ಒಂದು ಆಲ್ಬಮ್, ಇವಿಷ್ಟೇ ಹೆಚ್ಚುಕಡಿಮೆ ಅವರು ಬಿಟ್ಟುಹೋದ ಧ್ವನಿಮುದ್ರಣ.

ಆ ಹಾಡುಗಳ ಸಿ.ಡಿ.ಯನ್ನು ನನ್ನ ಮಗನ ಕೈಗಿತ್ತವರು ನಮ್ಮ ಪಕ್ಕದ ಮನೆಯ ಹಿರಿಯರು. ಶಾಲೆ ಬದಲಾದ ಸಿಟ್ಟಿಗೆ ಮನೆಯಲ್ಲಿ ಮಾತನ್ನೇ ನಿಲ್ಲಿಸಿದ್ದ ಹುಡುಗ, ಮೂಲೆ ಬಿರುಕು ಬಿಟ್ಟ ಆ ಡಬ್ಬಿಯನ್ನು ರಾತ್ರಿ ಅಡುಗೆಮನೆಗೆ ತಂದು, ‘ಅಪ್ಪಾ, ಇದರ ತಾಳ ಎಲ್ಲಿಂದ ಎತ್ತಿಕೊಳ್ಳುತ್ತದೆ, ಸ್ವಲ್ಪ ಕೇಳಿ ಹೇಳು’ ಎಂದ. ಮೈಸೂರಿನಲ್ಲಿ ಒಂದಿಷ್ಟು ಕಾಲ ಮೃದಂಗ ಕಲಿತಿದ್ದ ನನಗೆ ಅದೊಂದು ಪ್ರಶ್ನೆ ಅರ್ಥವಾಗುವಂತಿತ್ತು. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನ ಮೂಲಕ ಹರಡಿದ ಸ್ಕಾ ಸಂಗೀತದಲ್ಲಿ, ಪೆಟ್ಟು ಬೀಳುವ ಜಾಗದಲ್ಲಿ ಗಿಟಾರು ಸುಮ್ಮನಿದ್ದು, ಎರಡು ಪೆಟ್ಟುಗಳ ನಡುವಿನ ಎಡೆಯಲ್ಲಿ ಚುಟುಕಾಗಿ ಮೀಟುತ್ತದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಅರ್ಧ ಎಡುಪಿನ, ಅಂದರೆ ತಾಳದ ಪೆಟ್ಟು ಬಿದ್ದು ಅರ್ಧ ಎಣಿಕೆ ಕಳೆದ ಮೇಲೆ ಎತ್ತಿಕೊಳ್ಳುವ, ಕೃತಿಗಳಿಗೆ ತಾಳ ಹಾಕಿ ರೂಢಿಯಿದ್ದವರಿಗೆ ಆ ಕಾಯುವಿಕೆ ಹೊಸದಲ್ಲ. ಆಪರೇಷನ್ ಐವಿ ಆ ನಡೆಯನ್ನು ಪಂಕಿನ ವೇಗಕ್ಕೆ ಏರಿಸಿ, ಮರುಕ್ಷಣವೇ ಅದನ್ನು ಕೈಬಿಟ್ಟು ನೇರ ಪೆಟ್ಟಿಗೆ ಧುಮುಕುತ್ತದೆ. ಧ್ವನಿಮುದ್ರಣ ಒರಟು, ಗಾಯಕನ ಗಂಟಲು ಇನ್ನೂ ಒರಟು, ಆದರೆ ಫ್ರೀಮನ್ ಅವರ ಬೇಸ್ ಗಿಟಾರು ಮಾತ್ರ ಯಾವ ಪದ್ಧತಿಯ ಸಂಗೀತಗಾರನೂ ಕಿವಿಗೊಟ್ಟು ಕೇಳಬೇಕಾದಷ್ಟು ಚುರುಕಾಗಿದೆ ಎಂಬುದು ನನ್ನ ಅಭಿಪ್ರಾಯ. ಅಂದು ರಾತ್ರಿ ಊಟದ ಮೇಜನ್ನು ಬಾರಿಸುತ್ತ ನಾವಿಬ್ಬರೂ ಬಹಳ ಹೊತ್ತು ಎಚ್ಚರವಿದ್ದೆವು. ಡೇವ್ ಮೆಲ್ಲೊ ಅವರ ಮನೆಯ ಗ್ಯಾರೇಜಿನಲ್ಲಿಯೇ ಆ ತಂಡದ ಮೊದಲ ಕಾರ್ಯಕ್ರಮ ನಡೆದಿತ್ತೆಂದು ತಿಳಿದ ಮೇಲೆ ನಮ್ಮ ಗ್ಯಾರೇಜಿನಿಂದ ಕಾರನ್ನು ಹೊರಗೆ ನಿಲ್ಲಿಸಬೇಕಾಯಿತು.

ಎರಡನೆಯ ಋಣ ಗಿಲ್ಮನ್‌ನದು. ಬೆತ್ತದ ಕುರ್ಚಿಗಳ ಸಾಮಗ್ರಿ ಮಾರುವ ಅಂಗಡಿಯ ಮಗ್ಗುಲಲ್ಲಿರುವ ಆ ಗೋದಾಮಿನಂಥ ಸಭಾಂಗಣ 1986ರ ಡಿಸೆಂಬರ್ 31ರಂದು ಬಾಗಿಲು ತೆರೆಯಿತು. ಈ ದೇಶದಲ್ಲಿ ಸಣ್ಣ ತಂಡಗಳು ನುಡಿಸುವ ಜಾಗಗಳಲ್ಲಿ ಹಲವು ಮದ್ಯದಂಗಡಿಗಳಾದ್ದರಿಂದ 21 ತುಂಬದವರಿಗೆ ಒಳಗೆ ಪ್ರವೇಶವೇ ಇರುವುದಿಲ್ಲ. ಗಿಲ್ಮನ್‌ನಲ್ಲಿ ಮದ್ಯವಿಲ್ಲ, ಮಾದಕವಸ್ತುವಿಲ್ಲ, ಹೊಡೆದಾಟವಿಲ್ಲ, ಜನಾಂಗದ್ವೇಷಕ್ಕೂ ಹೆಣ್ಣನ್ನು ಹೀಗಳೆಯುವುದಕ್ಕೂ ಅವಕಾಶವಿಲ್ಲ; ಎಲ್ಲ ವಯಸ್ಸಿನವರಿಗೂ ಪ್ರವೇಶವುಂಟು, ಬಾಗಿಲು ಕಾಯುವುದರಿಂದ ಕಸ ಗುಡಿಸುವವರೆಗೆ ಎಲ್ಲವೂ ಸ್ವಯಂಸೇವಕರ ಕೆಲಸ. ಆಪರೇಷನ್ ಐವಿ ಬೆಳೆದದ್ದು ಆ ನೆಲದ ಮೇಲೆ, ಮತ್ತು 1989ರ ಮೇ 28ರಂದು ಕಿಕ್ಕಿರಿದ ಜನರ ಮುಂದೆ ಬೀಳ್ಕೊಂಡದ್ದೂ ಅಲ್ಲಿಯೇ.

ಅವರು ನಿಲ್ಲಿಸಿದ ರೀತಿಯೇ ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿತು. ಹೆಸರು ಬೆಳೆದಂತೆಲ್ಲ ಸುತ್ತ ಮುತ್ತಿಕೊಂಡ ಗಮನವು ಗಾಯಕ ಮೈಕಲ್ಸ್ ಅವರಿಗೆ ಹಿಡಿಸಲಿಲ್ಲ. ಆಲ್ಬಮ್ ಹೊರಬಂದ ವರ್ಷವೇ ತಂಡ ಮುಗಿಯಿತು. ಆದರೆ ಅವರ ನಂತರ ಅದೇ ಗಿಲ್ಮನ್‌ನಿಂದ, ‘ಎನರ್ಜಿ’ಯನ್ನು ಹೊರತಂದಿದ್ದ ಅದೇ ಲುಕ್‌ಔಟ್ ರೆಕಾರ್ಡ್ಸ್ ಸಂಸ್ಥೆಯ ಮೂಲಕ ಗ್ರೀನ್ ಡೇ ಎಂಬ ತಂಡ ಮೇಲೆದ್ದಿತು. ಆರ್ಮ್‌ಸ್ಟ್ರಾಂಗ್ ಮತ್ತು ಫ್ರೀಮನ್ 1991ರಲ್ಲಿ ರಾನ್ಸಿಡ್ ಎಂಬ ಪಂಕ್ ತಂಡ ಕಟ್ಟಿದರು. ತೊಂಬತ್ತರ ದಶಕದಲ್ಲಿ ಅಮೆರಿಕದ ತುಂಬ ಹುಟ್ಟಿಕೊಂಡ ಸ್ಕಾ-ಪಂಕ್ ತಂಡಗಳಲ್ಲಿ ಎಷ್ಟೋ ಮಂದಿ ‘ಎನರ್ಜಿ’ ಕೇಳಿಯೇ ಗಿಟಾರು ಹಿಡಿದವರು. ನನ್ನ ಹದಿನಾಲ್ಕು ವರ್ಷದ ನೌಕರಿ ಒಂದು ಇಮೇಲಿನಲ್ಲಿ ಮುಗಿದಾಗ, ಮಾಡಿದ್ದೆಲ್ಲವೂ ನೀರಿನಲ್ಲಿ ಹೋಮವಾಯಿತೆಂದೇ ನಾನು ತಿಳಿದಿದ್ದೆ. ಮಗ ಒಂದು ದಿನ ಗ್ಯಾರೇಜಿನಲ್ಲಿ ತಂತಿ ಸುತ್ತುತ್ತ, ‘ಅವರದೂ ಎರಡೇ ವರ್ಷ ಅಪ್ಪ’ ಎಂದ. ಸಾಂತ್ವನ ಹೇಳಬೇಕೆಂದು ಅವನು ಹಾಗೆ ಹೇಳಿರಲಿಲ್ಲ, ತನ್ನ ತಂಡದ ವಿಚಾರಕ್ಕೆ ಹೇಳಿದ್ದ. ಆದರೂ ಮಾರನೆಯ ದಿನದಿಂದ ನಾನು ಅರ್ಜಿ ಬರೆಯುವ ಧಾಟಿ ಬದಲಾಯಿತು.

ಆದ್ದರಿಂದ ಆ ನಾಲ್ವರಿಗೆ, ಅವರ ಹಾಡುಗಳನ್ನು ಮುದ್ರಿಸಿದ ಕೆವಿನ್ ಆರ್ಮಿ ಅವರಿಗೆ, 2007ರಲ್ಲಿ ಆ ಹಾಡುಗಳನ್ನು ಮತ್ತೆ ಹೊರತಂದ ಹೆಲ್‌ಕ್ಯಾಟ್ ರೆಕಾರ್ಡ್ಸ್‌ಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು. ಕಾರ್ಯಕ್ರಮದ ದಿನ ಕೈನಡುಗುತ್ತಿದ್ದ ಹುಡುಗರಿಗೆ ಮೈಕು ಸರಿಪಡಿಸಿಕೊಟ್ಟ ಗಿಲ್ಮನ್‌ನ ಸ್ವಯಂಸೇವಕರಿಗೆ, ಅಭ್ಯಾಸದ ಸದ್ದನ್ನು ಸಹಿಸಿದ್ದಲ್ಲದೆ ಸಂಜೆ ಏಳರ ತನಕ ಅಡ್ಡಿಯಿಲ್ಲವೆಂದು ತಾವೇ ಬಂದು ಹೇಳಿದ ನೆರೆಹೊರೆಯವರಿಗೆ, ಹುಡುಗರ ಹಸಿವಿಗೆ ಪುಳಿಯೋಗರೆಯ ಡಬ್ಬಿ ಕಳುಹಿಸುತ್ತಿದ್ದ ಎಲ್ ಸೆರಿಟೊದ ಅತ್ತಿಗೆಯವರಿಗೆ ಅನಂತ ವಂದನೆಗಳು.

ಮಗನ ಡ್ರಮ್ ಸೆಟ್ ಹಾಸ್ಟೆಲಿಗೆ ಹೋಗುವಂತಿಲ್ಲ. ಈಸ್ಟ್ ಬೇ ಕಡೆಯ ಕನ್ನಡ ಕುಟುಂಬಗಳಲ್ಲಿ ಯಾರ ಮಕ್ಕಳಿಗಾದರೂ ಬೇಕಿದ್ದರೆ ದಯವಿಟ್ಟು ತಿಳಿಸಿ. ಹಣ ಬೇಡ, ಒಯ್ಯಲು ಸ್ವಲ್ಪ ದೊಡ್ಡ ಗಾಡಿಯನ್ನೇ ತನ್ನಿ, ಸ್ನೇರ್ ಡ್ರಮ್ಮಿನ ತೊಗಲನ್ನು ಮಾತ್ರ ಹೊಸದಾಗಿ ಹಾಕಿಸಬೇಕಾಗುತ್ತದೆ.