ಪುಸ್ತಕಗಳ ಪಟ್ಟಿಯ ಜೊತೆಗೆ ಓದುವ ದಾರಿಯನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೇ,

ವರ್ಷದ ಕೊನೆ ಬಂತೆಂದರೆ ಭಾನುವಾರದ ಪುರವಣಿಗಳಲ್ಲಿ ‘ಈ ವರ್ಷ ಮೆಚ್ಚಿದ ಪುಸ್ತಕಗಳು’, ‘ಬರುವ ವರ್ಷ ಓದಲೇಬೇಕಾದವು’ ಎಂಬ ಪಟ್ಟಿಗಳು ಬರುತ್ತವೆ. ಪುಸ್ತಕದ ಹೆಸರು, ಲೇಖಕರು, ಪ್ರಕಾಶನ, ಬೆಲೆ, ಎರಡು ಸಾಲು ಮೆಚ್ಚುಗೆ. ಇಷ್ಟೇ. ಪಟ್ಟಿ ನಂಬಿ ಪುಸ್ತಕ ಕೊಂಡವರಿಗೆ ಅದು ಎಷ್ಟು ದಿನ ಹಿಡಿಯುತ್ತದೆ, ಯಾವುದರ ನಂತರ ಓದಿದರೆ ಒಗ್ಗುತ್ತದೆ, ಎಲ್ಲಿ ಕಾಲು ತೊಡರುತ್ತದೆ ಎಂಬುದು ಗೊತ್ತಾಗುವುದಿಲ್ಲ. ಕುಮಾರವ್ಯಾಸನ ಭಾರತ ಎಷ್ಟೋ ಮನೆಗಳಲ್ಲಿ ದೇವರ ಗೂಡಿನ ಪಕ್ಕದಲ್ಲಿದ್ದರೂ ಪೀಠಿಕಾ ಸಂಧಿಯಿಂದ, ಅಂದರೆ ಮೊದಲ ಅಧ್ಯಾಯದಿಂದ, ಮುಂದೆ ಹಾಳೆ ತಿರುವದೆ ಉಳಿದಿರುವುದು ಇದರಿಂದಲೇ. ಓದುಗರ ಸೋಮಾರಿತನವನ್ನು ದೂರುವುದು ಸುಲಭ, ಆದರೆ ಅದು ನಿಜವಾದ ಕಾರಣವಲ್ಲ.

ಮೊದಲ ತಪ್ಪು ಲೆಕ್ಕದ್ದು. ವರ್ಷಕ್ಕೆ ಐವತ್ತು ಪುಸ್ತಕ ಎಂದು ಸಂಕಲ್ಪ ಮಾಡಿದವರ ಕೈ ತಾನಾಗಿ ತೆಳುವಾದ ಪುಸ್ತಕದ ಕಡೆಗೆ ಹೋಗುತ್ತದೆ. ದಪ್ಪ ಕಾದಂಬರಿ ಹಿಡಿದರೆ ಎಣಿಕೆ ಹಿಂದೆ ಬೀಳುತ್ತದಲ್ಲ! ಎಣಿಸಲೇಬೇಕಿದ್ದರೆ ಪುಟ ಎಣಿಸಬೇಕು, ಪುಟದ ಅಳತೆಯನ್ನೂ ನೋಡಬೇಕು. ಕನ್ನಡ ಪುಸ್ತಕಗಳ ಒಳಹಾಳೆಯಲ್ಲಿ ಮುದ್ರಣದ ವರ್ಷ, ಎಷ್ಟನೆಯ ಮುದ್ರಣ, ಪುಟಸಂಖ್ಯೆ, ಆಕಾರ, ಕಾಗದ ಎಲ್ಲವೂ ಇರುತ್ತದೆ. ಅಂಗಡಿಯಲ್ಲಿ ನಿಂತಾಗ ಮೊದಲು ನೋಡಬೇಕಾದ ಹಾಳೆಯೇ ಅದು. ಡೆಮ್ಮಿ 1/8 ಆಕಾರದ ಪುಟ ದೊಡ್ಡದು, ಕ್ರೌನ್ 1/8 ಸಣ್ಣದು. ಹೀಗಾಗಿ ಒಂದೇ ಕಾದಂಬರಿ ಹಳೆಯ ಮುದ್ರಣದಲ್ಲಿ ಒಂದು ಪುಟಸಂಖ್ಯೆ, ಹೊಸದರಲ್ಲಿ ಇನ್ನೊಂದು ತೋರಿಸುತ್ತದೆ. ಸಲೀಸಾದ ಗದ್ಯವಾದರೆ ಡೆಮ್ಮಿ ಪುಟಕ್ಕೆ ಎರಡರಿಂದ ಎರಡೂವರೆ ನಿಮಿಷ. ದಿನಕ್ಕೆ ಮುಕ್ಕಾಲು ಗಂಟೆ ಕೂತರೆ ಇಪ್ಪತ್ತು ಪುಟ. ಐನೂರು ಪುಟಕ್ಕಿಂತ ದಪ್ಪದ ಪುಸ್ತಕವನ್ನು ಬರೀ ಅಂಟು ಹಾಕಿದ ಬೈಂಡಿಂಗಿನಲ್ಲಿ ಕೊಳ್ಳಬೇಡಿ. ಅಗಲಿಸಿ ಹಿಡಿದು ಓದುವಷ್ಟರಲ್ಲಿ ಬೆನ್ನು ಬಿರಿದು ನಡುವಿನ ಹಾಳೆಗಳು ಕಳಚಿಕೊಳ್ಳುತ್ತವೆ. ದಾರದ ಹೊಲಿಗೆ ಹಾಕಿದ ಪ್ರತಿ ಸಿಕ್ಕರೆ ನೂರು ರೂಪಾಯಿ ಹೆಚ್ಚಾದರೂ ಅದೇ ಲೇಸು.

ಇನ್ನೊಂದು ಮಾತು ಮುನ್ನುಡಿಯ ಬಗ್ಗೆ. ನಮ್ಮಲ್ಲಿ ವಿಮರ್ಶಕರ ಮುನ್ನುಡಿಗಳು ಎಷ್ಟೋ ಸಲ ಕಥೆಯ ಕೊನೆಯನ್ನೇ ಬಿಟ್ಟುಕೊಡುತ್ತವೆ. ಲೇಖಕರೇ ಬರೆದ ಅರಿಕೆಯನ್ನು ಮೊದಲು ಓದಿ, ಬೇರೆಯವರ ಮುನ್ನುಡಿಯನ್ನು ಕಾದಂಬರಿ ಮುಗಿದ ಮೇಲೆ ಓದಿ. ಆಗ ಅದರೊಂದಿಗೆ ವಾದ ಮಾಡುವುದಕ್ಕೂ ನಿಮ್ಮ ಹತ್ತಿರ ಏನಾದರೂ ಇರುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇಲ್ಲದ ಪಟ್ಟಿಯೇ ಇಲ್ಲ. ಅದರಲ್ಲಿ ಜನ ನಿಂತುಹೋಗುವ ಜಾಗವೂ ಬಹುಪಾಲು ಒಂದೇ: ಮೊದಲ ನೂರು ಪುಟ. ನಾಯಿ ಹುಲಿಯನ ಜೊತೆ ಗುತ್ತಿ ಹೊರಟಾಗ ಒಬ್ಬನ ಕಥೆ ಶುರುವಾಯಿತು ಎಂದುಕೊಳ್ಳುತ್ತೇವೆ. ಅಷ್ಟರಲ್ಲಿ ಇನ್ನೊಂದು ಮನೆ, ಅದರ ಗೌಡರು, ಅವರ ಆಳುಗಳು, ಮತ್ತೆ ಬೇರೊಂದು ಮನೆ. ಹೆಸರುಗಳು ಕಲಸಿಹೋಗಿ ಪುಸ್ತಕ ಮುಚ್ಚುತ್ತೇವೆ. ಇಲ್ಲಿ ಪಾತ್ರಗಳ ಪಟ್ಟಿ ಬರೆದುಕೊಂಡರೆ ಪ್ರಯೋಜನವಿಲ್ಲ, ಮನೆಗಳ ಪಟ್ಟಿ ಬರೆದುಕೊಳ್ಳಬೇಕು. ಒಂದು ಹಾಳೆಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಎಂದು ಐದು ಚೌಕ ಹಾಕಿ. ಹೆಸರು ಬಂದ ಹಾಗೆ ಆಯಾ ಚೌಕದೊಳಗೆ ಬರೆಯಿರಿ, ಮನೆಯ ಜನವನ್ನು ಮೇಲೆ, ಆಳುಮಕ್ಕಳನ್ನು ಕೆಳಗೆ. ಗುತ್ತಿ ಸಿಂಬಾವಿಯವನು, ತಿಮ್ಮಿ ಬೆಟ್ಟಳ್ಳಿಯವಳು. ಮುಕುಂದಯ್ಯ ಕೋಣೂರಿನವನು, ಚಿನ್ನಮ್ಮ ಹೂವಳ್ಳಿಯವಳು. ಎರಡು ಜೋಡಿಗೂ ಚೌಕದಿಂದ ಚೌಕಕ್ಕೆ ಗೆರೆ ಎಳೆದರೆ ಕಾದಂಬರಿಯ ಬೆನ್ನುಮೂಳೆ ಕಣ್ಣೆದುರಿಗೇ ಇರುತ್ತದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಓದುಗರಿಗೆ ಮೊದಲೇ ಹೇಳಿದ್ದಾರೆ. ಆ ಮಾತನ್ನು ತತ್ತ್ವವೆಂದು ಮೆಚ್ಚಿ ಮುಂದೆ ಹೋಗುತ್ತೇವೆಯೇ ಹೊರತು ಅದು ಓದುವ ಬಗೆಯನ್ನೂ ಹೇಳುತ್ತಿದೆ ಎಂದು ಗಮನಿಸುವುದಿಲ್ಲ. ನಾಯಕನನ್ನು ಹುಡುಕುತ್ತ ಹೊರಟವರಿಗೇ ಈ ಕಾದಂಬರಿಯಲ್ಲಿ ದಾರಿ ತಪ್ಪುವುದು.

ಏಳುನೂರು ಪುಟ ಮೀರಿದ ಈ ಪುಸ್ತಕಕ್ಕೆ ನಲವತ್ತು ದಿನ ಇಟ್ಟುಕೊಳ್ಳಿ. ಮೊದಲ ಹತ್ತು ದಿನ ಹತ್ತೇ ಪುಟ, ಆಮೇಲೆ ಇಪ್ಪತ್ತು ಪುಟ ಮತ್ತು ಇನ್ನಷ್ಟು. ಸೇರೆಗಾರ, ಕೆಳಗರಡಿ ಇಂಥ ಮಲೆನಾಡಿನ ಮಾತುಗಳು ಬಯಲುಸೀಮೆಯವರಿಗೆ ಹೊಸವು. ಪ್ರತಿ ಪದಕ್ಕೂ ನಿಘಂಟು ತೆಗೆಯದೆ, ಮೂರನೆಯ ಸಲ ಎದುರಾದ ಪದವನ್ನು ಮಾತ್ರ ಹುಡುಕಿ ಬರೆದಿಟ್ಟುಕೊಂಡರೆ ಸಾಕು. ಇನ್ನೂ ಒಳ್ಳೆಯದು, ಅವರದೇ ‘ಕಾನೂರು ಹೆಗ್ಗಡಿತಿ’ಯನ್ನು (1936) ಮೊದಲು ಓದಿಕೊಳ್ಳುವುದು. ಅಲ್ಲಿ ಹೂವಯ್ಯನ ಬೆನ್ನು ಹಿಡಿದು ನಡೆಯಬಹುದು. ಆ ಕಾಡು, ಆ ಜಗಲಿ, ಆ ಮಾತಿನ ವರಸೆ ಒಗ್ಗಿದ ಮೇಲೆ ಮದುಮಗಳ ಮಲೆ ಹತ್ತುವುದು ಕಷ್ಟವಲ್ಲ.

ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ತೊಡಕು ಇನ್ನೊಂದು ಬಗೆಯದು. ಮೂರು ತಲೆಮಾರಿನ ಕಥೆಯಲ್ಲಿ ಅಜ್ಜನೂ ರಾಮ, ಮೊಮ್ಮಗನೂ ರಾಮ. ನಡುವೆ ಬಿಟ್ಟು ತಿಂಗಳ ನಂತರ ಹಿಡಿದವರಿಗೆ ಯಾವ ರಾಮನೆಂದು ತಿಳಿಯದೆ ಹಿಂದಕ್ಕೆ ಹೋಗಬೇಕಾಗುತ್ತದೆ. ರಾಮ ಐತಾಳರು, ಲಚ್ಚ, ರಾಮ, ಈ ಮೂರು ಹೆಸರನ್ನು ಮೇಲಿನಿಂದ ಕೆಳಕ್ಕೆ ಬರೆದು ಪುಟಗುರುತಿನ ಮೇಲೆ ಅಂಟಿಸಿದರೆ ಸಾಕು. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಮಾತ್ರ ಬಿಟ್ಟು ಬಿಟ್ಟು ಓದಲೇಬಾರದು. ಮುಂಬಯಿಯ ಕಂಪನಿಯಲ್ಲಿ ಸಸ್ಪೆಂಡ್ ಆದ ನಾಗಪ್ಪನ ತಲೆಯೊಳಗೆ ನಡೆಯುವ ಕಾದಂಬರಿ ಅದು. ಅವನ ಗುಮಾನಿ, ದಿಗಿಲು ಓದುತ್ತ ಓದುತ್ತ ನಮಗೂ ಹತ್ತಬೇಕು. ಎರಡು ದಿನ ಕೆಳಗಿಟ್ಟರೆ ಆ ಬಿಗಿ ಸಡಿಲವಾಗುತ್ತದೆ. ರಜೆ ಇರುವ ವಾರಕ್ಕೆ ಇಟ್ಟುಕೊಳ್ಳಿ.

ಈಗ ಕುಮಾರವ್ಯಾಸನಿಗೆ ಬರುತ್ತೇನೆ. ಈ ಕಾಗದ ಬರೆಯುವುದಕ್ಕೆ ಮುಖ್ಯ ಕಾರಣವೇ ಅವನು. ಹತ್ತು ಪರ್ವ, 152 ಸಂಧಿ, ಸುಮಾರು 8,200 ಪದ್ಯ. ಸಂಖ್ಯೆ ಕೇಳಿ ಹೆದರುವ ಮೊದಲು ಭಾಗಿಸಿ ನೋಡಿ. ಸಂಧಿಯೊಂದಕ್ಕೆ ಸರಾಸರಿ ಐವತ್ತನಾಲ್ಕು ಪದ್ಯ, ಗಟ್ಟಿಯಾಗಿ ಓದಿದರೆ ಪದ್ಯಕ್ಕೆ ಅರ್ಧ ನಿಮಿಷ. ಲಯಕ್ಕೊಮ್ಮೆ, ಅರ್ಥಕ್ಕೊಮ್ಮೆ ಎಂದು ಎರಡು ಸಲ ಓದಿದರೂ ದಿನಕ್ಕೆ ಒಂದು ಗಂಟೆ. ದಿನಕ್ಕೊಂದು ಸಂಧಿಯಂತೆ ಜೂನ್ 1ಕ್ಕೆ ಹಿಡಿದರೆ ಅಕ್ಟೋಬರ್ 30ಕ್ಕೆ ಮುಗಿಯುತ್ತದೆ, ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ. ಸಂಧಿಗಳೆಲ್ಲ ಒಂದೇ ಉದ್ದವಲ್ಲ. ಉದ್ದದ ಸಂಧಿಯನ್ನು ಭಾನುವಾರಕ್ಕೆ ಹೊಂದಿಸಿಕೊಳ್ಳಬೇಕು.

ಜನ ಸೋಲುವುದು ಪದಗಳ ಅರ್ಥಕ್ಕಿಂತ ಮೊದಲೇ, ಸಾಲು ಓದುವ ಬಗೆಯಲ್ಲಿ. ಮೊದಲ ಪದ್ಯದ ಮೊದಲರ್ಧ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ

ಇವತ್ತಿನ ಕವಿತೆ ಓದುವ ಹಾಗೆ ಸಾಲಿನ ಕೊನೆಗೆ ನಿಂತರೆ ‘ರಾ’ ಒಂದು ಕಡೆ, ‘ಜೀವ’ ಇನ್ನೊಂದು ಕಡೆ ಬಿದ್ದು ಅರ್ಥ ಕೆಡುತ್ತದೆ. ಅದು ‘ರಾಜೀವಪೀಠ’, ತಾವರೆಯ ಮೇಲೆ ಕೂತ ಬ್ರಹ್ಮ. ಅವನ ಪಿತ ಎಂದರೆ ವಿಷ್ಣು. ‘ಜಗಕತಿ ಪಾವನನೆ’ ಎಂಬುದೂ ಹಾಗೆಯೇ: ಜಗಕೆ ಅತಿಪಾವನನೆ. ಪದ ಸಾಲನ್ನು ದಾಟಿ ಹರಿಯುತ್ತದೆ, ಲಯ ಮಾತ್ರ ಸಾಲಿನೊಳಗೆ ಕುಣಿಯುತ್ತದೆ. ಆ ಲಯ ಮೂರು ಮತ್ತು ನಾಲ್ಕು ಮಾತ್ರೆಯದು (ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು): ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು ನಾಲ್ಕು ಮೂರು ನಾಲ್ಕು, ಒಟ್ಟು ಹದಿನಾಲ್ಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳೆಲ್ಲ ಹೀಗೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಇದೇ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು ಇಪ್ಪತ್ತಮೂರು. ಪದ್ಯಕ್ಕೆ 102 ಮಾತ್ರೆ. ಇದೇ ಭಾಮಿನಿ ಷಟ್ಪದಿ. ಎರಡನೆಯ ಅಕ್ಷರದ ಪ್ರಾಸ ಕೂಡ ಕಿವಿಗೆ ಊರುಗೋಲು: ಶ್ರೀವ, ಜೀವ, ಪಾವ. ಮೊದಲ ವಾರ ಅರ್ಥದ ಗೊಡವೆಯೇ ಬೇಡ, ತೊಡೆಯ ಮೇಲೆ ತಾಳ ಹಾಕಿಕೊಂಡು ಈ ಮೂರು-ನಾಲ್ಕನ್ನು ಕೂರಿಸಿಕೊಳ್ಳಿ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ವಾಚನದ ಧ್ವನಿಮುದ್ರಣಗಳು ಬೇಕಾದಷ್ಟು ಸಿಗುತ್ತವೆ. ಆದರೆ ಗಮಕದಲ್ಲಿ ರಾಗ ಹೆಚ್ಚು, ಭಾವಕ್ಕೆ ತಕ್ಕಂತೆ ಎಳೆತವೂ ಉಂಟು. ಛಂದಸ್ಸು ಕಿವಿಗೆ ಹತ್ತಬೇಕಾದರೆ ಮೊದಲು ನಾವೇ ಓದಿ, ಆಮೇಲೆ ಕೇಳಬೇಕು.

ಅರ್ಥದ ವಿಷಯದಲ್ಲಿ ಮೋಸ ಮಾಡುವುದು ಕಷ್ಟದ ಸಂಸ್ಕೃತ ಪದಗಳಲ್ಲ, ಅವು ನಿಘಂಟಿನಲ್ಲಿ ಸಿಕ್ಕಿಬಿಡುತ್ತವೆ. ಗೊತ್ತಿದೆ ಎಂದುಕೊಂಡು ದಾಟುವ ಸಣ್ಣ ಕನ್ನಡ ಪದಗಳು ಮೋಸ ಮಾಡುತ್ತವೆ. ‘ಹದನ’ ಎಂದರೆ ಅಡುಗೆಯ ಹದವಲ್ಲ, ವಿಷಯ, ಸ್ಥಿತಿ. ‘ಮುನಿದು’ ಎಂದರೆ ಸಿಟ್ಟಾಗಿ. ಋಷಿಗೂ ಅದಕ್ಕೂ ಸಂಬಂಧವಿಲ್ಲ. ‘ಬವರ’ ಯುದ್ಧ, ‘ಮಿಗೆ’ ಹೆಚ್ಚಾಗಿ. ಇಂಥ ಐವತ್ತು ಅರವತ್ತು ಪದಗಳ ಪಟ್ಟಿ ಮಾಡಿಕೊಂಡು ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದರೆ, ಒಂದೆರಡು ಪರ್ವ ಮುಗಿಯುವಷ್ಟರಲ್ಲಿ ಅದನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಹೆಚ್ಚಿನದಕ್ಕೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇದೆ. ಮನೆಯಲ್ಲಿ ಇಲ್ಲದಿದ್ದರೆ ಕಿಟೆಲ್ ಕೋಶವೂ ಆದೀತು.

ಆದಿಪರ್ವದಿಂದ ಶುರು ಮಾಡಲೇಬೇಕೆಂಬ ಹಟವೂ ಬೇಡ. ನನ್ನ ಆಯ್ಕೆ ವಿರಾಟಪರ್ವ. ಹತ್ತೇ ಸಂಧಿ, ಕೀಚಕವಧೆಯ ಬಿಗಿಯೂ ಇದೆ, ಉತ್ತರಕುಮಾರನ ಪೌರುಷದ ನಗೆಯೂ ಇದೆ. ಹೆಂಗಸರ ಎದುರು ಕೊಚ್ಚಿಕೊಂಡವನು ಕೌರವರ ಸೇನೆ ಕಂಡೊಡನೆ ರಥದಿಂದ ಹಾರಿ ಓಡುವ ಭಾಗಕ್ಕೆ ಟಿಪ್ಪಣಿಯೇ ಬೇಕಿಲ್ಲ. ಮಳೆ ಬರಲೆಂದು ಊರುಗಳಲ್ಲಿ ವಿರಾಟಪರ್ವ ಓದಿಸುವ ವಾಡಿಕೆಯೂ ಇದೆಯಲ್ಲ, ಜೂನ್ ಮೊದಲ ಹತ್ತು ದಿನಕ್ಕೆ ಅದೇ ಸರಿ. ಅಲ್ಲಿಂದ ಆದಿಪರ್ವಕ್ಕೆ ಹೋಗಿ ಕ್ರಮವಾಗಿ ಬನ್ನಿ. ಕರ್ಣಪರ್ವಕ್ಕೆ ಇಪ್ಪತ್ತೇಳು ಸಂಧಿ, ಶಲ್ಯಪರ್ವಕ್ಕೆ ಮೂರೇ. ಯುದ್ಧಪರ್ವಗಳ ನಡುವೆ ಬೇಸರ ಬಂದರೆ ದಿನಕ್ಕೆ ಅರ್ಧ ಸಂಧಿ ಓದಿ, ಆದರೆ ದಿನ ತಪ್ಪಿಸಬೇಡಿ. ತಪ್ಪಿಹೋಗುವುದು ಕಥೆಯಲ್ಲ, ಕಿವಿಯಲ್ಲಿ ಕೂತ ಲಯ. ಭಾಮಿನಿ ಒಗ್ಗಿದವರಿಗೆ ಮುಂದಿನ ವರ್ಷ ಲಕ್ಷ್ಮೀಶನ ಜೈಮಿನಿ ಭಾರತ ಕಾದಿರುತ್ತದೆ. ಅದು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ಬೇರೆಯೇ ನಡಿಗೆ.

ದೇವನೂರ ಮಹಾದೇವರ ‘ಕುಸುಮಬಾಲೆ’ಗೂ (1984) ಗಟ್ಟಿಯಾಗಿ ಓದುವ ಮದ್ದೇ ಬೇಕು. ಪುಟ ಕಡಿಮೆ ಎಂದು ಒಂದೇ ಸಂಜೆಗೆ ಇಟ್ಟುಕೊಂಡವರು ಹತ್ತನೆಯ ಪುಟಕ್ಕೆ ಸುಸ್ತಾಗುತ್ತಾರೆ. ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತನ್ನು ಕಣ್ಣು ಅಕ್ಷರವಾಗಿ ಕಂಡರೆ ಅಡ್ಡಿ, ಬಾಯಿ ನುಡಿದರೆ ಸಲೀಸು. ಪುಟಕ್ಕೆ ಐದು ನಿಮಿಷ ಕೊಡಿ. ಆಗ ದೀಪಗಳು, ಅಂದರೆ ಜೋತಮ್ಮಗಳು, ರಾತ್ರಿ ಒಟ್ಟುಗೂಡಿ ಮಾತಾಡುವ ಭಾಗ ಎಷ್ಟು ಸಹಜವಾಗಿ ಬರುತ್ತದೆ ನೋಡಿ. ಬೇಂದ್ರೆಯವರನ್ನು ಜ್ಞಾನಪೀಠ ಬಂದ ‘ನಾಕುತಂತಿ’ಯಿಂದ ಶುರು ಮಾಡುವುದು ಇಂಥದೇ ಇನ್ನೊಂದು ಎಡವಟ್ಟು. ‘ಗರಿ’ (1932), ‘ನಾದಲೀಲೆ’ (1938) ಮೊದಲು ಬಾಯಿಗೆ ಬರಲಿ.

ಕೊನೆಯದಾಗಿ ಸಣ್ಣಕಥೆ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಮೇಲೆ ಎಲ್ಲ ಪಟ್ಟಿಗಳಲ್ಲೂ ಆ ಹೆಸರಿದೆ. ಆದರೆ ಅದು ದೀಪಾ ಭಾಸ್ತಿ ಅವರು ಬೇರೆ ಬೇರೆ ಕಾಲದ ಹನ್ನೆರಡು ಕಥೆಗಳನ್ನು ಆರಿಸಿ ಅನುವಾದಿಸಿದ ಪುಸ್ತಕ. ‘ಎದೆಯ ಹಣತೆ’ ಎಂಬ ಕನ್ನಡ ಸಂಕಲನ ಕೊಳ್ಳುವ ಮೊದಲು ಅದರಲ್ಲಿ ಅದೇ ಹನ್ನೆರಡು ಕಥೆಗಳಿವೆಯೇ ಎಂದು ಪರಿವಿಡಿ ನೋಡಿಕೊಳ್ಳಿ. ಇಲ್ಲದಿದ್ದರೆ ಮೂಲ ಓದಬೇಕೆನ್ನುವವರು ಅವರ ಬೇರೆ ಸಂಕಲನಗಳನ್ನೂ ಹುಡುಕಬೇಕು. ಓದುವಾಗಲೂ ದಿನಕ್ಕೆ ಒಂದೇ ಕಥೆ. ಒಂದರ ಬೆನ್ನಿಗೆ ಇನ್ನೊಂದು ಓದಿದರೆ ಮನೆಯೊಳಗಿನ ಆ ಹೆಂಗಸರ ಪಾಡೆಲ್ಲ ಒಂದೇ ಎನಿಸಿ ಒಬ್ಬೊಬ್ಬರ ದನಿ ಅಳಿಸಿಹೋಗುತ್ತದೆ.

ಪತ್ರಿಕೆಗೆ ನನ್ನ ಕೋರಿಕೆ ಇಷ್ಟು. ಪಟ್ಟಿಯಲ್ಲಿ ಇಪ್ಪತ್ತೈದರ ಬದಲು ಹತ್ತೇ ಪುಸ್ತಕ ಇರಲಿ. ಪ್ರತಿಯೊಂದರ ಕೆಳಗೆ ಯಾವ ಮುದ್ರಣ ಈಗ ಅಂಗಡಿಯಲ್ಲಿದೆ, ಎಷ್ಟು ಪುಟ, ಯಾವ ಸೀಮೆಯ ಮಾತು, ಪದಕೋಶ ಇದೆಯೇ, ಮೊದಲು ಏನನ್ನು ಓದಿಕೊಂಡಿದ್ದರೆ ಅನುಕೂಲ ಎಂಬುದನ್ನು ಸಣ್ಣ ಅಕ್ಷರದಲ್ಲಾದರೂ ಹಾಕಿ. ಪಟ್ಟಿಯನ್ನು ಡಿಸೆಂಬರಿನ ಬದಲು ಅಕ್ಟೋಬರಿನ ಕೊನೆಯ ಭಾನುವಾರ ಪ್ರಕಟಿಸಿ. ರಾಜ್ಯೋತ್ಸವದ ತಿಂಗಳಲ್ಲಿ ಪುಸ್ತಕಗಳು ರಿಯಾಯಿತಿಗೆ ಸಿಗುತ್ತವೆ. ಪಟ್ಟಿ ಆಮೇಲೆ ಬಂದರೆ ಓದುಗರಿಗೆ ಆ ಲಾಭ ತಪ್ಪುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ
ಶಿವಮೊಗ್ಗ