ಬೇರೆಯಾದರೆ ಪೊರೆ ಕೆಟ್ಟಂತಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಔಷಧ ಹೊತ್ತೊಯ್ಯುವ ಪುಟ್ಟ ಗುಳ್ಳೆಗಳ ಬಗ್ಗೆ ಲೇಖನ ಬಂದಿತ್ತು. ಇಂಥ ವಿಷಯ ಕನ್ನಡದಲ್ಲಿ ಓದಲು ಸಿಕ್ಕಿದ್ದು ತುಂಬಾ ಖುಷಿ. ಆದರೆ ಅದರಲ್ಲಿ ಒಂದು ಸಾಲಿತ್ತು: ಲಿಪಿಡ್ (ಕೊಬ್ಬಿನ ಜಾತಿಯ ಅಣು) ಮತ್ತು ಪಾಲಿಮರ್ (ಉದ್ದ ಸರಪಳಿಯಂಥ ಅಣು) ಬೆರೆಸಿ ಮಾಡಿದ ಪೊರೆಯಲ್ಲಿ ಅವೆರಡೂ ಬೇರೆಯಾದರೆ ಪೊರೆ ಕೆಟ್ಟುಹೋಗುತ್ತದೆ ಅಂತ. ಮರುದಿನ ತರಗತಿಯಲ್ಲಿ ಒಬ್ಬ ಹುಡುಗಿ ಪೇಪರ್ ಹಿಡಿದುಕೊಂಡೇ ಬಂದು, 'ಹಾಗಾದ್ರೆ ಇದು ಫೇಲ್ ಆದ ಪ್ರಯೋಗನಾ ಮೇಡಂ?' ಅಂತ ಕೇಳಿದಳು. ಅಲ್ಲ. ಅದಕ್ಕೇ ಈ ಪತ್ರ.

ಲಿಪಿಡ್ ಗುಳ್ಳೆ, ಅಂದರೆ ಲಿಪೊಸೋಮ್, ಬೆಂಗಳೂರಿನವರಿಗೆ ಹೊಸದೇನಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಎಷ್ಟೋ ಮನೆಯವರು 'ಲಿಪೊಸೋಮಲ್ ಆಂಫೋಟೆರಿಸಿನ್ ಬಿ' ಅನ್ನೋ ಇಂಜೆಕ್ಷನ್‌ಗಾಗಿ ಊರೆಲ್ಲ ಅಲೆದರಲ್ವಾ, ಅದರಲ್ಲಿ ಔಷಧ ಕೂತಿರುವುದು ಇಂಥ ಪೊರೆಯೊಳಗೇ. ನಮ್ಮ ಜೀವಕೋಶದ ಪೊರೆಯ ಹಾಗೆ ಇದು ಮೃದು. ಆದರೆ ಬೇಗ ಹರಿದುಹೋಗುತ್ತದೆ, ಸೋರುತ್ತದೆ. 1999ರಲ್ಲಿ ಬರೀ ಪಾಲಿಮರ್‌ನಿಂದ ಮಾಡಿದ ಗುಳ್ಳೆಗಳ ವರದಿ ಬಂತು. ಅವು ತುಂಬಾ ಗಟ್ಟಿ, ನೀರನ್ನೂ ಸುಲಭಕ್ಕೆ ಬಿಡುವುದಿಲ್ಲ. ಎರಡನ್ನೂ ಬೆರೆಸಿ ನೋಡೋಣ ಅನ್ನಿಸುವುದು ಸಹಜ.

ಬೆರೆಸಿದರೆ ಏನಾಗುತ್ತದೆ? ಬಿಸಿ ತಿಳಿಸಾರಿನ ಮೇಲೆ ತೇಲುವ ತುಪ್ಪದ ಬೊಟ್ಟುಗಳನ್ನು ನೋಡಿ. ಎರಡು ಬೊಟ್ಟು ತಾಗಿದರೆ ಕೂಡಿ ಒಂದೇ ದುಂಡನೆಯ ಬೊಟ್ಟಾಗುತ್ತದೆ, ಯಾಕೆಂದರೆ ಆಗ ಅಂಚು ಕಡಿಮೆ. ಪೊರೆಯಲ್ಲೂ ಹಾಗೇ. ಲಿಪಿಡ್ ಪೊರೆಯ ದಪ್ಪ ಸುಮಾರು 4 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್). ಪಾಲಿಮರ್ ಪೊರೆ 8 ಇರಬಹುದು, 15 ಇರಬಹುದು, ಅದು ಸರಪಳಿಯ ಉದ್ದದ ಮೇಲೆ ಹೋಗುತ್ತದೆ. ನಾಲ್ಕಿಂಚಿನ ಗೋಡೆಯನ್ನು ಎಂಟಿಂಚಿನ ಗೋಡೆಗೆ ಸೇರಿಸಿದರೆ ನಡುವೆ ಮೆಟ್ಟಿಲು ಬರುತ್ತದಲ್ಲ, ಇಲ್ಲೂ ಬರುತ್ತದೆ, ಆ ಮೆಟ್ಟಿಲಲ್ಲಿ ನೀರು ಕಂಡರಾಗದ ಭಾಗ ನೀರಿಗೆ ಎದುರಾಗುತ್ತದೆ, ಅದನ್ನು ಮುಚ್ಚಲು ಪಾಲಿಮರ್ ಸರಪಳಿಗಳು ಮುದುಡಬೇಕು, ಮುದುಡಲು ಶಕ್ತಿ ಬೇಕು. ಅಂಚು ಚಿಕ್ಕದಾದಷ್ಟೂ ಖರ್ಚು ಕಡಿಮೆ. ಹಾಗಾಗಿ ಲಿಪಿಡ್ ಒಂದು ಕಡೆ, ಪಾಲಿಮರ್ ಒಂದು ಕಡೆ ಗುಂಪು ಸೇರಲು ನೋಡುತ್ತವೆ.

ಇದನ್ನು ನಾನು ಪಿಎಚ್‌ಡಿ ಮಾಡುವಾಗ ಕಣ್ಣಾರೆ ನೋಡಿದ್ದೇನೆ. ಲಿಪಿಡ್‌ಗೆ ಕೆಂಪಾಗಿ ಹೊಳೆಯುವ ಬಣ್ಣ, ಪಾಲಿಮರ್‌ಗೆ ಹಸಿರು. ನಾನು ಬಳಸುತ್ತಿದ್ದ ಲಿಪಿಡ್ ಡಿಪಿಪಿಸಿ, 41 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಬಿಸಿಯಿದ್ದಾಗ ಎರಡೂ ಬೆರೆತಿರುತ್ತವೆ, ಕೆಂಪು ಹಸಿರು ಬೆಳಕು ಸೇರಿ ಗುಳ್ಳೆ ಪೂರ್ತಿ ಹಳದಿ. ತಣ್ಣಗಾಗುತ್ತಾ ಬಂದ ಹಾಗೆ ಹಸಿರಿನ ನಡುವೆ ಕೆಂಪು ದ್ವೀಪಗಳು ಮೂಡುತ್ತವೆ. ನಿಧಾನಕ್ಕೆ ತಣಿಸಿದರೆ ಕೆಲವೇ ದೊಡ್ಡ ದ್ವೀಪಗಳು, ಬೇಗ ತಣಿಸಿದರೆ ತುಂಬಾ ಸಣ್ಣ ಸಣ್ಣವು. ಮೊದಲ ಸಲ ನೋಡಿದಾಗ ಮೈಕ್ರೋಸ್ಕೋಪ್ ಬಿಟ್ಟು ಏಳಲು ಮನಸ್ಸೇ ಬರಲಿಲ್ಲ.

ನಿಜ, ಕೆಲವು ಮಿಶ್ರಣಗಳಲ್ಲಿ ದ್ವೀಪ ಬೆಳೆದು, ಉಬ್ಬಿ, ಮೊಗ್ಗಿನಂತೆ ಹೊರಬಂದು ಕೊನೆಗೆ ಕಡಿದುಕೊಂಡು ಬೇರೆಯೇ ಗುಳ್ಳೆಯಾಗುತ್ತದೆ. ನಿಮ್ಮ ಲೇಖಕರ ಮನಸ್ಸಿನಲ್ಲಿದ್ದದ್ದು ಇದೇ ಇರಬೇಕು. ಆದರೆ ಎಲ್ಲ ಕಡೆಯೂ ಹೀಗಾಗುವುದಿಲ್ಲ. ಪಾಲಿಮರ್ ಎಷ್ಟು ಉದ್ದ, ಎರಡರ ಪ್ರಮಾಣ ಎಷ್ಟು, ಲಿಪಿಡ್ ಗಟ್ಟಿಯೋ ದ್ರವವೋ, ಕೊಲೆಸ್ಟರಾಲ್ ಇದೆಯೋ ಇಲ್ಲವೋ, ಇವನ್ನು ಬದಲಿಸಿ ನಮಗೆ ಬೇಕಾದ ಹಾಗೆ ದ್ವೀಪಗಳನ್ನು ಉಳಿಸಿಕೊಳ್ಳಬಹುದು ಅಥವಾ ಬರದಂತೆ ಮಾಡಬಹುದು. ದ್ವೀಪಗಳಿದ್ದರೆ ಲಾಭವೂ ಇದೆ: ಪ್ರೋಟೀನ್‌ಗೆ ಕೂರಲು ಮೃದುವಾದ ಲಿಪಿಡ್ ಜಾಗ, ಸುತ್ತ ಗಟ್ಟಿ ಪಾಲಿಮರ್ ಬೇಲಿ. ನಮ್ಮ ಜೀವಕೋಶದ ಪೊರೆಯೂ ಎಲ್ಲ ಕಡೆ ಒಂದೇ ಥರ ಇಲ್ಲ. ಅದರಲ್ಲಿ ಗುಂಪುಗಳು ಹೇಗೆ ಮೂಡುತ್ತವೆ ಅನ್ನೋದರ ಮೇಲೆ ಇದೇ ಊರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವಿಜ್ಞಾನಿಗಳಾದ ಸತ್ಯಜಿತ್ ಮೇಯರ್ ಮತ್ತು ಮದನ್ ರಾವ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಹಾಗಾಗಿ ಆ ಸಾಲನ್ನು ದಯವಿಟ್ಟು ತಿದ್ದಿ. ಮುಂದಿನ ಸಲ ಈ ವಿಷಯ ಬರೆಸುವಾಗ ಸುಮ್ನೆ ಒಂದು ಮಾತ್ರೆಯ ಚಿತ್ರ ಹಾಕಬೇಡಿ. ಕೆಂಪು ಹಸಿರು ಗುಳ್ಳೆಯ ಮೈಕ್ರೋಸ್ಕೋಪ್ ಫೋಟೋ ಹಾಕಿ, ಬಣ್ಣದಲ್ಲಿ, ಸ್ವಲ್ಪ ದೊಡ್ಡದಾಗಿ. ಆ ಹುಡುಗಿಗೆ ತೋರಿಸಬೇಕು.

ಇಂತಿ,
ರಸಾಯನಶಾಸ್ತ್ರ ಉಪನ್ಯಾಸಕಿ,
ಬಸವನಗುಡಿ, ಬೆಂಗಳೂರು