ಲ್ಯಾಪ್‌ಟಾಪ್ ಕೆಟ್ಟಿಲ್ಲ ಅಪ್ಪ

ಸಪ್ಪೊರೊ
ಜಪಾನ್
ಫೆಬ್ರವರಿ, ಭಾನುವಾರ ರಾತ್ರಿ

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಹಿಮ ಕಿಟಕಿಯ ಅರ್ಧದವರೆಗೆ ಬಂದು ಕೂತಿದೆ. ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಇನ್ನೊಂದು ತಿಂಗಳಿಗೆ ಸಾಕು. ಕ್ಷೇಮ ಸಮಾಚಾರ ಇಷ್ಟೇ. ಉಳಿದದ್ದೆಲ್ಲ ಅಪ್ಪನ ಪ್ರಶ್ನೆಗೆ ಉತ್ತರ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಕೇಳಿದಿರಲ್ಲ, "ಏನೋ ಅದು, ನಿನ್ನ ಹಿಂದೆ ಸ್ಕ್ರೀನ್ ಮೇಲೆ ಇರುವೆ ಸಾಲು ಹೋದ ಹಾಗೆ ಅಕ್ಷರ ಹೋಗ್ತಿದೆ, ಕೆಟ್ಟೋಗಿದೆಯಾ?" ಅಂತ. ಹೇಳೋಣ ಅನ್ನುವಷ್ಟರಲ್ಲಿ ಕಾಲ್ ಕಟ್ ಆಯಿತು. ಕೆಟ್ಟಿಲ್ಲ ಅಪ್ಪ. ಆ ಅಕ್ಷರಗಳೆಲ್ಲ ಜನ.

ಇಲ್ಲಿ ನಿಕೊನಿಕೊ ಅಂತ ವಿಡಿಯೋ ನೋಡುವ ಜಾಗ ಒಂದಿದೆ, 2006ರಲ್ಲಿ ಶುರುವಾದದ್ದು. ನಿಕೊನಿಕೊ ಅಂದರೆ ನಗುನಗುತ್ತಾ ಇರುವುದು. ಅಲ್ಲಿ ನೋಡುವವರು ಬರೆದ ಮಾತು ವಿಡಿಯೋದ ಕೆಳಗೆ ಹೋಗಿ ಕೂರುವುದಿಲ್ಲ. ಚಿತ್ರದ ಮೇಲೇ ಬಲದಿಂದ ಎಡಕ್ಕೆ ಓಡುತ್ತದೆ. ಹಾಡಿನ ಯಾವ ಸೆಕೆಂಡಿನಲ್ಲಿ ಬರೆದರೋ ಅದೇ ಸೆಕೆಂಡಿಗೆ ಎಲ್ಲರಿಗೂ ಕಾಣುತ್ತದೆ. ಒಬ್ಬ ಕಳೆದ ವರ್ಷ ಬರೆದಿರುತ್ತಾನೆ, ಇನ್ನೊಬ್ಬಳು ನಿನ್ನೆ ರಾತ್ರಿ. ನನ್ನ ಕಣ್ಣಿಗೆ ಇಬ್ಬರೂ ಪಕ್ಕಪಕ್ಕ ಕೂತು ಕೂಗಿದ ಹಾಗೆ.

ನೀವು ನೋಡಿದ್ದು 'ಸೆನ್‌ಬೊನ್‌ಜಕುರಾ' ಅನ್ನುವ ಹಾಡು. ಸಾವಿರ ಚೆರ್ರಿ ಮರ ಅಂತ ಅರ್ಥ. 2011ರದ್ದು. ಹಸಿರುನೀಲಿ ಬಣ್ಣದ ಎರಡು ಉದ್ದ ಜಡೆಯ ಹುಡುಗಿ ಹಾಡುತ್ತಿದ್ದಳಲ್ಲ, ಅವಳು ಹಾತ್ಸುನೆ ಮಿಕು. ಮನುಷ್ಯಳಲ್ಲ, ಸಾಫ್ಟ್‌ವೇರ್. ನಮ್ಮ ಈ ಸಪ್ಪೊರೊದ ಕಂಪನಿಯೇ 2007ರ ಆಗಸ್ಟ್ 31ಕ್ಕೆ ಅವಳನ್ನು ಹೊರಗೆ ತಂದದ್ದು. ಒಬ್ಬ ನಟಿಯ ದನಿಯನ್ನು ಚೂರುಚೂರಾಗಿ ರೆಕಾರ್ಡ್ ಮಾಡಿಟ್ಟಿದ್ದಾರೆ. ನೀವು ಸಾಹಿತ್ಯ ಬರೆದು ಸ್ವರ ಕೂಡಿಸಿದರೆ ಅವಳು ಹಾಡುತ್ತಾಳೆ. ಒಬ್ಬರು ಹಾಡು ಮಾಡುತ್ತಾರೆ, ಮತ್ತೊಬ್ಬರು ಚಿತ್ರ ಬರೆಯುತ್ತಾರೆ, ಮಗದೊಬ್ಬರು ಅದನ್ನು ಕುಣಿಸುತ್ತಾರೆ. ಶುರುವಿನಲ್ಲೇ ಯಾರೋ ಅಭಿಮಾನಿ ತಮಾಷೆಗೆ ಅವಳ ಕೈಗೆ ಈರುಳ್ಳಿ ಸೊಪ್ಪು ಕೊಟ್ಟು ಬೀಸಿಸಿದರು. ಅದು ಕೈಗೆ ಅಂಟಿಕೊಂಡುಬಿಟ್ಟಿತು. ಅಮ್ಮ, ಇಲ್ಲಿಯ ಈರುಳ್ಳಿ ಸೊಪ್ಪು ಮೊಳಕೈ ಉದ್ದ ಇರುತ್ತದೆ. ಕಡಲೆಹಿಟ್ಟು ಹಾಕಿ ಪಲ್ಯ ಮಾಡಿದೆ, ಸುಮಾರಾಗಿತ್ತು.

ಅಕ್ಷರಗಳ ಮಧ್ಯೆ 8888 ಅಂತ ಜಾಸ್ತಿ ಕಾಣುತ್ತದೆ. ಅದು ಚಪ್ಪಾಳೆ! ಇವರ ಭಾಷೆಯಲ್ಲಿ ಎಂಟಕ್ಕೆ 'ಹಾಚಿ', ಚಪ್ಪಾಳೆಯ ಸದ್ದು 'ಪಾಚಿಪಾಚಿ'. ನಗು ಬಂದರೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರವನ್ನು ಸಾಲಾಗಿ ಒತ್ತುತ್ತಾರೆ. ಆ ಸಾಲು ಹುಲ್ಲು ಬೆಳೆದ ಹಾಗೆ ಕಾಣುತ್ತದೆ ಅಂತ ಈಗ ನಗುವಿಗೇ 'ಹುಲ್ಲು' ಅನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗ ಬಾಯಲ್ಲೂ "ಹುಲ್ಲು" ಅಂತಲೇ ಹೇಳುತ್ತಾನೆ, ಮುಖದಲ್ಲಿ ನಗು ಮಾತ್ರ ಇರುವುದಿಲ್ಲ.

ಪಲ್ಲವಿ ಹತ್ತಿರ ಬಂದಾಗ ನೋಡಬೇಕು ನೀವು. ಮೊದಲೇ ನೋಡಿದವರಿಗೆ ಎಲ್ಲಿ ಏನು ಬರುತ್ತದೆ ಗೊತ್ತಲ್ಲ, "ಬಂತು, ಬಂತು" ಅಂತ ಶುರು ಮಾಡುತ್ತಾರೆ. ಆಮೇಲೆ ಹಾಡಿನ ಸಾಲನ್ನೇ ಎಲ್ಲರೂ ಬರೆದು ಬರೆದು ಚಿತ್ರವೇ ಮುಚ್ಚಿಹೋಗುತ್ತದೆ. ನನಗೆ ಆಗ ಟಾಕೀಸಿನ ಗಾಂಧಿ ಕ್ಲಾಸ್ ನೆನಪಾಯಿತು. ಅಣ್ಣಾವ್ರು ತೆರೆಗೆ ಬರುವ ಮೊದಲೇ, ನಾಲ್ಕನೇ ಸಲ ನೋಡುತ್ತಿದ್ದವರು ಶಿಳ್ಳೆ ಹೊಡೆದು ಚಿಲ್ಲರೆ ಎರಚುತ್ತಿದ್ದರು ಅಂತ ನೀವೇ ಹೇಳುತ್ತಿದ್ದಿರಿ. ಆ ಗಲಾಟೆಯಲ್ಲಿ ಡೈಲಾಗ್ ಕೇಳುತ್ತಿರಲಿಲ್ಲ ಅಂತ ಅಮ್ಮನಿಗೆ ಕೋಪ. ಈ ವಿಷಯದಲ್ಲಿ ನಾನು ಅಮ್ಮನ ಕಡೆ. ಯಾರೋ ತಿಂಗಳುಗಟ್ಟಲೆ ಕೂತು ಬರೆದ ಚಿತ್ರ, ಅದು ಕಾಣಬೇಡವಾ? ಅಕ್ಷರ ನಿಲ್ಲಿಸುವ ಗುಂಡಿ ಇದೆ. ಒತ್ತಿ ನೋಡಿದೆ. ಚಿತ್ರ ಸ್ವಚ್ಛವಾಗಿ ಕಂಡಿತು, ರೂಮು ಬಿಕೋ ಅಂತು. ಮತ್ತೆ ಒತ್ತಿದೆ.

ಇದೆಲ್ಲ ಹುಡುಗರ ಆಟ ಅಂದುಕೊಳ್ಳಬೇಡಿ. ಕೊಬಯಾಶಿ ಸಚಿಕೊ ಅಂತ ಹಳೇ ಗಾಯಕಿ ಇದ್ದಾರೆ, ಚಿಕ್ಕ ಹುಡುಗಿಯಾಗಿದ್ದಾಗಿಂದ ಹಾಡುತ್ತಿರುವವರು. ವೇದಿಕೆಯಷ್ಟೇ ದೊಡ್ಡ ವೇಷ ಕಟ್ಟಿಕೊಂಡು ಬರುತ್ತಾರೆ. ವಿಡಿಯೋ ಗೇಮಿನ ಕೊನೆಯ ರಾಕ್ಷಸನ ಹಾಗೆ ಕಾಣುತ್ತಾರೆ ಅಂತ ಹುಡುಗರು 'ಲಾಸ್ಟ್ ಬಾಸ್' ಅಂತ ಹೆಸರಿಟ್ಟರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. 2015ರ ಡಿಸೆಂಬರ್ 31ಕ್ಕೆ, ದೇಶವೇ ಟಿವಿ ಮುಂದೆ ಕೂರುವ ಹೊಸ ವರ್ಷದ ಹಿಂದಿನ ರಾತ್ರಿಯ ಕಾರ್ಯಕ್ರಮದಲ್ಲಿ, ಇದೇ ಹಾಡು ಹಾಡಿದರು. ಹಿಂದುಗಡೆ ಜನರ ಅಕ್ಷರಗಳೂ ಓಡುತ್ತಿದ್ದವು.

ಅಪ್ಪನಿಗೆ ಖುಷಿಯಾಗುವ ಸಂಗತಿ ಇನ್ನೊಂದಿದೆ. ಕಬುಕಿ ಅಂತ ಇವರ ಹಳೇ ನಾಟಕ. ಪ್ರತಿ ನಟನಿಗೂ ಮನೆತನದ ಹೆಸರು ಇರುತ್ತದೆ. ಒಳ್ಳೆ ಘಟ್ಟಕ್ಕೆ ಪ್ರೇಕ್ಷಕರು ಅದನ್ನು ಜೋರಾಗಿ ಕೂಗುತ್ತಾರೆ. ಎಲ್ಲಿ ಕೂಗಬೇಕು ಅನ್ನುವುದಕ್ಕೂ ಲೆಕ್ಕ ಇದೆ. 2016ರಲ್ಲಿ ನಕಮುರಾ ಶಿದೊ ಅನ್ನುವ ಕಬುಕಿ ನಟ ಮಿಕು ಜೊತೆ ಈ ಹಾಡನ್ನೇ ಇಟ್ಟುಕೊಂಡು ನಾಟಕ ಆಡಿದರು. ಅವಳಿಗೆ ಮನೆತನ ಎಲ್ಲಿಂದ ಬರಬೇಕು? ಜನ "ಹಾತ್ಸುನೆಯಾ!" ಅಂತ ಒಂದು ಹೆಸರು ಕಟ್ಟಿ ಕೂಗಿಯೇ ಬಿಟ್ಟರು. ಮನೆಯಲ್ಲಿ ಕೂತು ನೋಡಿದವರು ಅದನ್ನೇ ಟೈಪ್ ಮಾಡಿದರು. ಊರಿನ ಕುರುಕ್ಷೇತ್ರ ನಾಟಕದಲ್ಲಿ ನೀವು ಕರ್ಣನಾಗಿ ಹಾಡಿದಾಗ "ಒನ್ಸ್ ಮೋರ್" ಬಿದ್ದು ಮೂರು ಸಲ ಹಾಡಬೇಕಾಯಿತಲ್ಲ? ಹಾರ್ಮೋನಿಯಂ ಮೇಷ್ಟ್ರಿಗೆ ಕೈ ನೋವು ಬಂದಿತ್ತಂತೆ, ಅಮ್ಮ ಈಗಲೂ ನಗುತ್ತಾಳೆ.

ನಾಳೆ ಹಿಮದ ಹಬ್ಬ ನೋಡಲು ಹೋಗುತ್ತೇನೆ. 2010ರಲ್ಲಿ ಈ ಹಬ್ಬಕ್ಕೆ ಮಿಕುವಿನ ಬೆಳ್ಳನೆ ಬೊಂಬೆಯನ್ನು ಹಿಮದಲ್ಲೇ ಕಡೆದಿದ್ದರು. ಈಗ ಚಳಿಗಾಲ ಬಂದರೆ ಊರಿನ ಟ್ರಾಮ್ ಮೇಲೂ ಅವಳ ಚಿತ್ರ. ಫೋಟೋ ಕಳಿಸುತ್ತೇನೆ.

ಹೇಳಲು ಮರೆತೆ. ಕಾಲ್ ಕಟ್ ಆದ ಮೇಲೆ ನಾನೂ ಒಂದು ಸಲ ಬರೆದೆ, ಮೊದಲ ಪಲ್ಲವಿ ಮುಗಿಯುವ ಜಾಗದಲ್ಲಿ, ಕನ್ನಡದಲ್ಲೇ: "ಒನ್ಸ್ ಮೋರ್". ನಾಲ್ಕೇ ಸೆಕೆಂಡು, ಓಡಿಹೋಯಿತು. ಹೊಸಬರ ಮಾತು ಬಂದ ಹಾಗೆ ಹಳೆಯವು ಮರೆಯಾಗುತ್ತವೆ. ಅದಕ್ಕೇ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ, ವಾಟ್ಸಾಪ್‌ಗೆ ಹಾಕುತ್ತೇನೆ. ಮೇಲಿನಿಂದ ಮೂರನೇ ಸಾಲು, ಅವಳ ಎಡಗಡೆ ಜಡೆಯ ಮೇಲೆ ನೋಡಿ. ಕನ್ನಡಕ ಹಾಕಿಕೊಳ್ಳಿ.

ನಿಮ್ಮ ಮಗ